ದಂಡೆಯ ಮೇಲಿನವರು ಬೇಡ ಎಂದಾಗ

ಕಮಲಾಪುರದ ಶಿಕ್ಷಕಿಯೊಬ್ಬರು ಶಾಲಾ ಪ್ರವಾಸ ಹೊರಡುವ ಮುನ್ನ ಕೇಳಿದ ಪ್ರಶ್ನೆ ಇದು: ‘ಮಕ್ಕಳನ್ನ ಮಲ್ಪೆಗೆ ಕರಕೊಂಡು ಹೊಂಟೀವ್ರಿ. ಬೋಟಿನವರು ಬರ್ರಿ ಬರ್ರಿ ಅಂತಾರ, ದಂಡಿ ಮ್ಯಾಲ ನಿಂತವರು ತಡೀರಿ ಅಂತಾರ. ಯಾರ ಮಾತು ಕೇಳಬೇಕು?’ ಕಲಬುರಗಿ ನಗರದ ಓದುಗರೂ ಇದನ್ನೇ ಬೇರೆ ಬೇರೆ ರೀತಿಯಲ್ಲಿ ಕೇಳುತ್ತಿರುತ್ತಾರೆ. ಸಿಗಂದೂರಿಗೆ ಹೋಗಿ ಬಂದವರು, ಗೋಕರ್ಣ–ಮುರುಡೇಶ್ವರದ ಕಡೆ ಹೊರಟವರು, ಹುಣ್ಣಿಮೆಗೆ ಗಾಣಗಾಪುರದ ಸಂಗಮದಲ್ಲಿ ಮುಳುಗು ಹಾಕುವವರು, ಎಲ್ಲರಿಗೂ ಇದೇ ಅನುಮಾನ. ನನ್ನ ಉತ್ತರ ಯಾವಾಗಲೂ ಒಂದೇ: ದಂಡೆಯ ಮೇಲೆ ನಿಂತವರ ಮಾತು ಕೇಳಿ. ಯಾಕೆ ಹಾಗೆ ಹೇಳುತ್ತೇನೆ ಎಂಬುದನ್ನು ಈ ವಾರ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಮ್ಮದು ಸಮುದ್ರದಿಂದ ಇಡೀ ರಾತ್ರಿ ಬಸ್ಸಿನಲ್ಲಿ ಕೂತು ಹೋಗಬೇಕಾದಷ್ಟು ದೂರದ ಸೀಮೆ. ಇಲ್ಲಿ ಬೆಳೆದವರಿಗೆ ಈಜು ಬರುತ್ತದೆಂದರೆ ಅದು ಹೆಚ್ಚಾಗಿ ಬಾವಿಯಲ್ಲಿ ಕಲಿತ ಈಜು. ಬೆನ್ನಿಗೆ ಒಣ ಸೋರೆ ಬುರುಡೆಯನ್ನೋ ಬೆಂಡನ್ನೋ ಕಟ್ಟಿ, ಮೆಟ್ಟಿಲ ಮೇಲೆ ಹಗ್ಗ ಹಿಡಿದು ಕಾಕಾ ನಿಂತಿರುತ್ತಿದ್ದರು. ಬಾವಿಯ ನೀರು ನಿಂತ ನೀರು, ಎಲ್ಲಿಗೂ ಎಳೆಯುವುದಿಲ್ಲ. ಅಲ್ಲಿ ಗಂಟೆಗಟ್ಟಲೆ ಈಜಿದ ಹುಡುಗ ಹೊಳೆಯ ಸೆಳವಿಗೋ ಸಮುದ್ರದ ಅಲೆಗೋ ಸಿಕ್ಕಾಗ, ತನ್ನ ಕೈಕಾಲಿನ ಬಲ ಎಲ್ಲಿ ಹೋಯಿತೆಂದು ತಿಳಿಯದೆ ದಣಿದುಬಿಡುತ್ತಾನೆ. ಕಮಲಾಪುರ ತಾಲ್ಲೂಕಿನ ಮಕ್ಕಳು ಬೆಳಕೋಟಾದ ಗಂಡೋರಿ ನಾಲಾ ಜಲಾಶಯ ನೋಡಿರುತ್ತಾರೆ, ಬೆಣ್ಣೆತೊರೆಯ ನೀರು ನೋಡಿರುತ್ತಾರೆ. ಅದೇ ಕಣ್ಣಿನಿಂದ ಅವರು ಮಲ್ಪೆಯ ಕಡಲನ್ನೂ ನೋಡುತ್ತಾರೆ. ಬಿಸಿಲಿದೆ, ಆಕಾಶ ಸ್ವಚ್ಛವಾಗಿದೆ, ಮತ್ಯಾಕೆ ಬೋಟು ಬಿಡುತ್ತಿಲ್ಲ ಎಂಬ ಅವರ ಪ್ರಶ್ನೆ ಸಹಜವೇ. ಉತ್ತರ ಗೊತ್ತಿರುವವರು ಜೆಟ್ಟಿಯ ಮೇಲೆ ನಿಂತಿರುತ್ತಾರೆ.

ಜೆಟ್ಟಿಯವರ ಮೇಲಿರುವ ಬಂದರು ಅಧಿಕಾರಿ ಎಂದರೆ ಯಾರು? ನಮ್ಮ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಇರುತ್ತಾರಲ್ಲ, ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ, ಯಾವುದು ಮೊದಲು ಹೊರಡಬೇಕು, ಯಾವುದು ಕಾಯಬೇಕು ಎಂದು ಹೇಳುವವರು, ಅಂಥವರು ಎಂದಿಟ್ಟುಕೊಳ್ಳಿ. ಡ್ರೈವರ್ ಎಷ್ಟೇ ಅನುಭವಿಯಾಗಿರಲಿ, ನಿಲ್ದಾಣದೊಳಗೆ ನಡೆಯುವುದು ಕಂಟ್ರೋಲರ್ ಮಾತೇ. ಹಡಗು ನಡೆಸುವ ಕ್ಯಾಪ್ಟನ್ ನಡುಗಡಲಲ್ಲಿ ರಾಜ, ಆದರೆ ಬಂದರಿನ ಗಡಿಯೊಳಗೆ ಬಂದ ಮೇಲೆ ಎಲ್ಲಿ ಲಂಗರು ಹಾಕಬೇಕು, ಯಾವ ದಕ್ಕೆಗೆ ಬರಬೇಕು, ಯಾವಾಗ ಹೊರಡಬೇಕು ಎಂಬುದನ್ನು ಬಂದರಿನವರು ಹೇಳಬೇಕು. 1908ರ ಭಾರತೀಯ ಬಂದರು ಕಾಯ್ದೆಯೇ ಈ ಅಧಿಕಾರವನ್ನು ಸ್ಪಷ್ಟವಾಗಿ ಬರೆದಿಟ್ಟಿತ್ತು. ನೂರು ವರ್ಷ ದಾಟಿದ ಆ ಕಾಯ್ದೆಯ ಜಾಗಕ್ಕೆ 2025ರಲ್ಲಿ ಸಂಸತ್ತು ಹೊಸ ಕಾಯ್ದೆ ತಂದಿದೆ. ಮಂಗಳೂರಿನ ಪಣಂಬೂರಿನಲ್ಲಿರುವ ದೊಡ್ಡ ಬಂದರು ಕೇಂದ್ರ ಸರ್ಕಾರದ್ದು. ಕಾರವಾರ, ಬೇಲೇಕೇರಿ, ಹೊನ್ನಾವರ, ಭಟ್ಕಳ, ಮಲ್ಪೆ, ಹಳೇ ಮಂಗಳೂರು ಮುಂತಾದ ಸಣ್ಣ ಬಂದರುಗಳು ರಾಜ್ಯದವು. ಅಧಿಕಾರಿಯ ಕೆಳಗೆ ಜೆಟ್ಟಿಯ ಸಿಬ್ಬಂದಿ, ಹಗ್ಗ ಹಿಡಿಯುವವರು, ಲಾಂಚಿನ ನೌಕರರು ಇರುತ್ತಾರೆ. ಕಡಲತೀರದಲ್ಲಿ ಸೀಟಿ ಊದುತ್ತ ನಿಲ್ಲುವ ಜೀವರಕ್ಷಕರು ಬೇರೆ ವ್ಯವಸ್ಥೆಗೆ ಸೇರಿದವರಾದರೂ ಕೆಲಸ ಅದೇ. ಪ್ರವಾಸಿಗೆ ಸಿಗುವುದು ಸಾಮಾನ್ಯವಾಗಿ ಈ ಕೆಳಗಿನ ಸಾಲಿನ ಜನ. ಅವರ ಖಾಕಿ ಮಾಸಿರಬಹುದು, ಕುರ್ಚಿ ಮುರಿದಿರಬಹುದು. ಅವರ ಮಾತಿನ ಹಿಂದಿರುವ ತಿಳಿವಳಿಕೆ ದೊಡ್ಡದು.

ಆ ತಿಳಿವಳಿಕೆಯ ಒಂದು ಭಾಗ ಹವಾಮಾನ ಇಲಾಖೆಯಿಂದ ಬರುತ್ತದೆ. ನಮ್ಮ ದೇಶದ ಬಂದರುಗಳಲ್ಲಿ 1ರಿಂದ 11ರವರೆಗೆ ಎಚ್ಚರಿಕೆಯ ಸಂಕೇತಗಳಿವೆ. ಹಗಲಿನಲ್ಲಿ ಕಂಬದ ಮೇಲೆ ಆಕೃತಿಗಳನ್ನು ಏರಿಸುವುದು, ರಾತ್ರಿ ಕೆಂಪು–ಬಿಳಿ ದೀಪ ಹಚ್ಚುವುದು ಇದರ ಪದ್ಧತಿ. 1 ಮತ್ತು 2 ಎಂದರೆ ದೂರದ ಕಡಲಲ್ಲಿ ಹವಾಮಾನ ಕೆಡುತ್ತಿದೆ ಅಥವಾ ಚಂಡಮಾರುತ ಎದ್ದಿದೆ ಎಂದರ್ಥ. 3 ಎಂದರೆ ಈ ಬಂದರಿಗೇ ಬಿರುಗಾಳಿಯ ಭಯವಿದೆ. 8ರಿಂದ 10ರವರೆಗಿನದು ಮಹಾ ಅಪಾಯ. 11 ಎಂದರೆ ಹವಾಮಾನ ಕೇಂದ್ರದೊಂದಿಗಿನ ಸಂಪರ್ಕವೇ ಕಡಿದುಹೋಗಿದೆ. ಇದರಲ್ಲಿ ಪ್ರವಾಸಿಗರು ನೆನಪಿಡಬೇಕಾದ ವಿಷಯವೊಂದಿದೆ. ಚಂಡಮಾರುತ ನೂರಾರು ಕಿಲೋಮೀಟರ್ ದೂರದಲ್ಲಿದ್ದಾಗಲೇ ಅದು ಎಬ್ಬಿಸಿದ ಉದ್ದುದ್ದದ ಅಲೆಗಳು ದಂಡೆಗೆ ಬಂದು ಮುಟ್ಟುತ್ತವೆ. ಗಾಳಿ ಇರುವುದಿಲ್ಲ, ಮೋಡ ಇರುವುದಿಲ್ಲ, ಅಲೆ ಮಾತ್ರ ಬಂದಿರುತ್ತದೆ. ಬಿಸಿಲಿನ ದಿನ ಬೋಟು ನಿಂತಿದೆ ಎಂದರೆ ಇದೂ ಒಂದು ಕಾರಣವಿರಬಹುದು.

ಇನ್ನೊಂದು ಭಾಗ ಯಾವ ಇಲಾಖೆಯೂ ಕೊಡಲಾಗದ್ದು, ದಿನವಿಡೀ ಅದೇ ನೀರನ್ನು ನೋಡಿ ಬಂದದ್ದು. ಒಮ್ಮೆ ಮಲ್ಪೆಯಲ್ಲಿ ನಮ್ಮ ಕಡೆಯ ದೊಡ್ಡ ಗುಂಪೊಂದರ ಜೊತೆ ನಾನೂ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಲು ಕಾಯುತ್ತಿದ್ದೆ. ಬೆಳಿಗ್ಗೆ ಹೋದ ಬೋಟುಗಳು ವಾಪಸು ಬರುತ್ತಿದ್ದವು, ಹೊಸದಾಗಿ ಯಾರನ್ನೂ ಹತ್ತಿಸುತ್ತಿರಲಿಲ್ಲ. ನಮ್ಮವರಿಗೆ ಸಿಟ್ಟು. ಒಬ್ಬರು ಜೋರಾಗಿಯೇ ‘ಸಾಹೇಬ್ರಿಗೆ ಫೋನ್ ಹಚ್ಚಲೇನು?’ ಎಂದರು. ಜೆಟ್ಟಿಯಲ್ಲಿದ್ದ ವಯಸ್ಸಾದ ನೌಕರ ಗದರಲಿಲ್ಲ. ‘ನೀವು ಯಾರಿಗೆ ಬೇಕಾದ್ರೂ ಫೋನ್ ಮಾಡಿ ಮಾರ್ರೆ, ಇವತ್ತು ಇನ್ನು ಹೋಗ್ಲಿಕ್ಕಿಲ್ಲ’ ಎಂದು ಹೇಳಿ, ಮಕ್ಕಳನ್ನು ಹತ್ತಿರ ಕರೆದು ದೂರದಲ್ಲಿ ಕಾಣುತ್ತಿದ್ದ ಬಿಳಿ ಗೆರೆಯೊಂದನ್ನು ತೋರಿಸಿದರು. ಬೆಳಿಗ್ಗೆ ಆ ಗೆರೆ ಇರಲಿಲ್ಲವಂತೆ. ಮಧ್ಯಾಹ್ನದ ಗಾಳಿ ಎದ್ದ ಮೇಲೆ ಅಲೆ ಅಲ್ಲಿ ಒಡೆಯಲು ಶುರುವಾಗಿದೆ, ದ್ವೀಪದ ಬಳಿ ಬೋಟಿನಿಂದ ಇಳಿಯುವ ಜಾಗದಲ್ಲಿ ಇದಕ್ಕಿಂತ ಹೆಚ್ಚು ಇರುತ್ತದೆ, ಇಳಿಸುವುದು ಹೇಗೋ ಆದೀತು, ಸಂಜೆ ಹೊತ್ತಿಗೆ ನಿಮ್ಮ ಅಜ್ಜಿಯನ್ನು ಮತ್ತೆ ಹತ್ತಿಸುವುದು ಹೇಗೆ ಎಂದು ಅವರು ಕೇಳಿದರು. ಗುಂಪಿನಲ್ಲಿದ್ದ ಅಜ್ಜಿಯ ಕಡೆ ಎಲ್ಲರ ಕಣ್ಣು ಹೋಯಿತು. ಮತ್ತೆ ಯಾರೂ ವಾದಿಸಲಿಲ್ಲ. ಮೀನುಗಾರಿಕೆ ಬಂದರಿನಲ್ಲಿ ಹರಾಜು ನೋಡಲು ಮರುದಿನ ನಸುಕಿನಲ್ಲಿ ಬನ್ನಿ, ಆಮೇಲೆ ಬೆಳಗಿನ ಮೊದಲ ಬೋಟಿಗೆ ಹೋಗಿ ಎಂದು ದಾರಿಯನ್ನೂ ಅವರೇ ಹೇಳಿದರು. ಹಾಗೇ ಮಾಡಿದೆವು.

ಅವರು ಹೇಳಿದ್ದರಲ್ಲಿ ನಮ್ಮಂಥ ಒಳನಾಡಿನವರಿಗೆ ಎರಡು ಪಾಠಗಳಿದ್ದವು. ಪಶ್ಚಿಮ ಕರಾವಳಿಯಲ್ಲಿ ಬೇಸಿಗೆ–ಚಳಿಗಾಲದ ದಿನಗಳಲ್ಲಿ ಬೆಳಿಗ್ಗೆ ಕಡಲು ತಣ್ಣಗಿರುತ್ತದೆ. ಬಿಸಿಲೇರಿ ನೆಲ ಕಾದಂತೆ ಕಡಲಿನಿಂದ ದಂಡೆಯ ಕಡೆಗೆ ಗಾಳಿ ಬೀಸತೊಡಗುತ್ತದೆ, ಮಧ್ಯಾಹ್ನದ ಹೊತ್ತಿಗೆ ನೀರು ಕದಡುತ್ತದೆ. ಹೋಗುವಾಗ ಸುಖವಾಗಿದ್ದ ದಾರಿಯಲ್ಲೇ ಬರುವಾಗ ಕಷ್ಟವಾಗುತ್ತದೆ. ಟಿಕೆಟ್ ತೆಗೆದುಕೊಳ್ಳುವವರು ನೋಡುವುದು ಹೋಗುವ ದಾರಿಯನ್ನು. ಜೆಟ್ಟಿಯವರು ಲೆಕ್ಕ ಹಾಕುವುದು ವಾಪಸು ಬರುವುದನ್ನು. ಎರಡನೆಯದು, ಬೋಟಿನ ಪ್ರಯಾಣದಲ್ಲಿ ಅಪಾಯ ಹೆಚ್ಚಿರುವುದು ಹತ್ತುವಾಗ ಮತ್ತು ಇಳಿಯುವಾಗ.    

ಕಡಲು ಬಲ್ಲವರೂ ದಂಡೆಯವರನ್ನು ಕೇಳಲೇಬೇಕಾದ, ಕರಾವಳಿಯ ಮೀನುಗಾರರ ಬಾಯಲ್ಲಿ ಮತ್ತೆ ಮತ್ತೆ ಬರುವ ಜಾಗ ಅಳಿವೆ, ಅಂದರೆ ಹೊಳೆ ಸಮುದ್ರ ಸೇರುವ ಬಾಯಿ. ಹೊನ್ನಾವರದಲ್ಲಿ ಶರಾವತಿಯದು, ಗಂಗೊಳ್ಳಿಯಲ್ಲಿ ಪಂಚಗಂಗಾವಳಿಯದು, ಮಂಗಳೂರಿನಲ್ಲಿ ನೇತ್ರಾವತಿ–ಗುರುಪುರ ಹೊಳೆಗಳದು. ಹೊಳೆ ತಂದ ಮರಳು, ಕಡಲು ತಳ್ಳಿದ ಮರಳು ಅಲ್ಲಿ ದಿಬ್ಬವಾಗಿ ಕೂಡುತ್ತದೆ. ದಿಬ್ಬ ಒಂದೇ ಕಡೆ ಇರುವುದಿಲ್ಲ, ಪ್ರತಿ ಮಳೆಗಾಲ ಕಳೆದ ಮೇಲೆ ಜಾಗ ಬದಲಿಸುತ್ತದೆ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ರಭಸವಾಗಿ ಹೊರಗೆ ನುಗ್ಗುವಾಗ ಎದುರಿನಿಂದ ಅಲೆ ಬಂದರೆ ಎರಡೂ ಡಿಕ್ಕಿ ಹೊಡೆದು ಅಲೆ ಗೋಡೆಯಂತೆ ನಿಲ್ಲುತ್ತದೆ. ಎಷ್ಟೋ ವರ್ಷ ಕಡಲು ಉತ್ತ ತಂಡೇಲರ (ಬೋಟು ನಡೆಸುವ ಮುಖಂಡರ) ಬೋಟುಗಳೂ ಇಲ್ಲಿ ಮಗುಚಿವೆ. ಊರಿಗೆ ಹೊಸದಾಗಿ ಬಂದ ಬೋಟು ಅಳಿವೆಯ ಹೊರಗೆ ನಿಂತು, ಈ ವರ್ಷ ನೀರಿನ ದಾರಿ ಯಾವ ಕಡೆಗಿದೆ ಎಂದು ವಿಚಾರಿಸಿಕೊಂಡೇ ಒಳಗೆ ಬರಬೇಕು. ವೈರ್‌ಲೆಸ್ ಇದ್ದ ಬೋಟಿನವರು 16ನೇ ಚಾನೆಲ್‌ನಲ್ಲಿ ಕರೆಯುತ್ತಾರೆ. ಜಗತ್ತಿನ ಎಲ್ಲ ಕಡಲುಗಳಲ್ಲೂ ತುರ್ತು ಕರೆಗೂ ಮೊದಲ ಕರೆಗೂ ಮೀಸಲಾದ ಚಾನೆಲ್ ಅದು. ಇಲ್ಲದವರಿಗೆ ಮೊಬೈಲಿದೆ. ಒಳಗಿನಿಂದ ಒಬ್ಬರು ಬೋಟು ತಂದು ‘ನನ್ನ ಹಿಂದೆಯೇ ಬಾ’ ಎಂದು ದಾರಿ ತೋರಿಸುವುದೂ ಇದೆ. ಈ ಕೆಲಸಕ್ಕೆ ಯಾರೂ ರಸೀದಿ ಕೊಡುವುದಿಲ್ಲ.

ತೂಫಾನಿನ ದಿನಗಳಲ್ಲಿ ಬಂದರಿನವರ ಇನ್ನೊಂದು ಮುಖ ಕಾಣುತ್ತದೆ. 2017ರ ಕೊನೆಯಲ್ಲಿ ಓಖಿ ಚಂಡಮಾರುತ ಎದ್ದಾಗ ಕೇರಳ, ತಮಿಳುನಾಡಿನ ಎಷ್ಟೋ ಮೀನುಗಾರಿಕೆ ದೋಣಿಗಳು ನಮ್ಮ ಕರಾವಳಿಯ ಬಂದರುಗಳಲ್ಲಿ ಆಸರೆ ಪಡೆದವು. 2019ರ ಅಕ್ಟೋಬರಿನಲ್ಲಿ ಕ್ಯಾರ್ ಚಂಡಮಾರುತದ ಹೊತ್ತಿಗೆ ಕಾರವಾರದ ಬಂದರು ಹೊರ ಊರುಗಳ ಬೋಟುಗಳಿಂದ ತುಂಬಿಹೋಗಿತ್ತು. ಕಾರವಾರದ್ದು ಗುಡ್ಡ ಮತ್ತು ದ್ವೀಪಗಳ ಮರೆಯಲ್ಲಿರುವ ಸಹಜ ಬಂದರು, ಅಲ್ಲಿಗೆ ಬಂದ ದೋಣಿ ಬದುಕಿತು ಎಂದೇ ಲೆಕ್ಕ. ಅಪಾಯದಲ್ಲಿ ಬಂದ ದೋಣಿಗೆ ನಿನ್ನ ಊರು ಯಾವುದು, ಭಾಷೆ ಯಾವುದು ಎಂದು ಕೇಳಿ ಹೊರಗೆ ನಿಲ್ಲಿಸುವ ಪದ್ಧತಿ ಕಡಲಲ್ಲಿ ಇಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ಮೂಲ್ಕಿಯ ಬಳಿ ಬಂಡೆಗೆ ಸಿಕ್ಕಿಕೊಂಡ ಟಗ್ ಬೋಟಿನಿಂದ ಒಂಬತ್ತು ಜನರನ್ನು ನೌಕಾಪಡೆ, ಕರಾವಳಿ ಕಾವಲು ಪಡೆಯವರು ಜೀವಸಹಿತ ತಂದದ್ದನ್ನು ಟಿವಿಯಲ್ಲಿ ನೀವೂ ನೋಡಿರಬಹುದು.

ನೀರು ತಿಳಿಯದವರು ನೀರಿಗೆ ಹೋದಾಗ ಏನಾಗಬಹುದು ಎಂಬುದನ್ನೂ ಹೇಳಲೇಬೇಕು. 2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ಬೋಟು ಮಗುಚಿ 16 ಜನ ತೀರಿಕೊಂಡರು. ಅವರಲ್ಲಿ ಹಾವೇರಿ ಜಿಲ್ಲೆಯ ಒಂದೇ ಕುಟುಂಬದ ಹಲವರಿದ್ದರು, ನಮ್ಮಂತೆಯೇ ದೂರದ ಊರಿನಿಂದ ಕಡಲ ಕಡೆಗೆ ಹೋದವರು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲತೀರದಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಈ ಎರಡು ಘಟನೆಗಳ ಹೊಣೆಯನ್ನು ಸತ್ತವರ ಮೇಲೆ ಹಾಕುವುದು ಅನ್ಯಾಯ, ನಾನು ಹಾಗೆ ಹೇಳುತ್ತಿಲ್ಲ. ಎರಡೂ ಕಡೆ ನೀರಿಗೆ ಹೋದವರಲ್ಲಿ ನೀರಿನ ಪರಿಚಯವಿಲ್ಲದ ಒಳನಾಡಿನ ಜನರಿದ್ದರು. ಅಂಥವರು ಬಂದಿಳಿಯುವ ಜಾಗದಲ್ಲಿ ಅಧಿಕಾರವುಳ್ಳ ಒಬ್ಬರು ನಿಂತಿರಬೇಕು, ಅವರ ಮಾತಿಗೆ ಬೆಲೆ ಇರಬೇಕು ಎಂಬುದೇ ನನ್ನ ಒತ್ತಾಯ.

ಜೆಟ್ಟಿಯವರ ಬೇಡ ಎಂಬ ಮಾತಿಗೆ ಇತಿಹಾಸದಲ್ಲೂ ಒಂದು ದೊಡ್ಡ ಸಾಕ್ಷಿಯಿದೆ. ಜಗತ್ತನ್ನು ಒಬ್ಬನೇ ಹಾಯಿದೋಣಿಯಲ್ಲಿ ಸುತ್ತಿದ ಮೊದಲಿಗ ಜೋಶುವಾ ಸ್ಲೋಕಮ್. 1895ರಲ್ಲಿ ಅಮೆರಿಕದಿಂದ ಹೊರಟು 1898ರಲ್ಲಿ ಮರಳಿದ. ಅವನ ಮೊದಲ ಯೋಜನೆ ಇದ್ದದ್ದು ಅಟ್ಲಾಂಟಿಕ್ ದಾಟಿ, ಮೆಡಿಟರೇನಿಯನ್ ಮೂಲಕ ಸೂಯೆಜ್ ಕಾಲುವೆಗೆ ಬಂದು ಪೂರ್ವಕ್ಕೆ ಸಾಗುವುದು. ಜಿಬ್ರಾಲ್ಟರ್ ಬಂದರಿನಲ್ಲಿ ಬ್ರಿಟಿಷ್ ನೌಕಾಪಡೆಯವರು ಅವನ ಪುಟ್ಟ ದೋಣಿಯನ್ನು ಎಳೆದು ತಂದು, ಸುರಕ್ಷಿತ ಜಾಗದಲ್ಲಿ ಕಟ್ಟಿಸಿ, ಚೆನ್ನಾಗಿ ನೋಡಿಕೊಂಡರು. ಜೊತೆಗೆ, ಮುಂದಿನ ದಾರಿಯಲ್ಲಿ ಕಡಲ್ಗಳ್ಳರ ಕಾಟವಿದೆ, ಒಬ್ಬನೇ ಹೋಗಬೇಡ ಎಂದರು. ಸ್ಲೋಕಮ್ ಆಗಲೇ ಹಳೆಯ ಕ್ಯಾಪ್ಟನ್, ಯಾರ ಬುದ್ಧಿವಾದವೂ ಬೇಕಾಗಿಲ್ಲದಷ್ಟು ಕಡಲು ಕಂಡವನು. ಆದರೂ ಅವರ ಮಾತು ಕೇಳಿ ಇಡೀ ಪ್ರಯಾಣವನ್ನೇ ತಿರುಗಿಸಿದ. ಅಟ್ಲಾಂಟಿಕ್ಕನ್ನು ಮತ್ತೆ ದಾಟಿ, ದಕ್ಷಿಣ ಅಮೆರಿಕದ ತುದಿ ಬಳಸಿ, ಪಶ್ಚಿಮ ದಿಕ್ಕಿಗೆ ಸಾಗಿ ಭೂಮಿ ಸುತ್ತಿದ. ಅಂಥವನೇ ಕೇಳಿದ ಮೇಲೆ ಎರಡು ದಿನದ ಪ್ರವಾಸಕ್ಕೆ ಹೋದ ನಾವು ಕೇಳಲು ಹಿಂಜರಿಯಬೇಕಿಲ್ಲ.

ಸಿಹಿನೀರಿನ ಕಡೆಗೆ ಬರೋಣ. ಸಾಗರ ತಾಲ್ಲೂಕಿನ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಶರಾವತಿ ಹಿನ್ನೀರಿನಲ್ಲಿ ಓಡುತ್ತಿದ್ದ ಲಾಂಚನ್ನು ಹತ್ತದ ಸಿಗಂದೂರು ಭಕ್ತರು ನಮ್ಮ ಜಿಲ್ಲೆಯಲ್ಲಿ ಕಡಿಮೆ. ಲಿಂಗನಮಕ್ಕಿ ಅಣೆಕಟ್ಟಿನಿಂದ ದ್ವೀಪದಂತಾದ ಕರೂರು–ತುಮರಿ ಸೀಮೆಗೆ ಅದೇ ರಸ್ತೆ, ಅದೇ ಬಾಗಿಲಾಗಿತ್ತು. 2025ರ ಜುಲೈ 14ರಂದು ಅಲ್ಲಿ ಸೇತುವೆ ಉದ್ಘಾಟನೆಯಾಯಿತು. ಅದಕ್ಕೂ ಮೊದಲು ಹೋಗಿದ್ದ ದಿನಗಳಲ್ಲಿ ನನಗೆ ದೇವಸ್ಥಾನದಷ್ಟೇ ನೆನಪಿನಲ್ಲಿ ಉಳಿದದ್ದು ಲಾಂಚಿನ ಸಿಬ್ಬಂದಿ. ಕಾರು, ಟೆಂಪೊ, ಬಸ್ಸು ಯಾವುದು ಮೊದಲು ಏರಬೇಕು, ಭಾರ ಎರಡು ಬದಿಗೂ ಸಮನಾಗುವಂತೆ ಯಾವುದನ್ನು ಎಲ್ಲಿ ನಿಲ್ಲಿಸಬೇಕು ಎಂದು ಕೈ ಬೀಸಿ ಹೇಳುವ ಒಬ್ಬರು, ಜನ ಒಂದೇ ಬದಿಗೆ ಸೆಲ್ಫಿಗೆ ನುಗ್ಗದಂತೆ ತಡೆಯುವ ಇನ್ನೊಬ್ಬರು. ಆಂಬುಲೆನ್ಸ್ ಬಂದರೆ ಎಷ್ಟೇ ಉದ್ದದ ಸಾಲಿದ್ದರೂ ಅದಕ್ಕೆ ಮೊದಲ ಜಾಗ. 2023ರ ಜೂನಿನಲ್ಲಿ ಮಳೆ ತಡವಾಗಿ ಹಿನ್ನೀರು ಇಳಿದಾಗ ವಾಹನಗಳನ್ನು ಹತ್ತಿಸುವುದನ್ನೇ ನಿಲ್ಲಿಸಿದರು. ದೂರದಿಂದ ಬಂದವರಿಗೆ ಬೇಸರವಾಗಿರುತ್ತದೆ, ನಿಜ. ತಳ ತಾಗುವ ನೀರಿನಲ್ಲಿ ಭಾರ ಹೊತ್ತ ಲಾಂಚು ನಡೆಸಲಾಗದು ಎಂಬುದು ಮಾತ್ರ ವಾದಕ್ಕೆ ನಿಲ್ಲುವ ವಿಷಯವಲ್ಲ.

ಇನ್ನು ನಮ್ಮ ಭೀಮೆ. ಸೇತುವೆಗಳು, ಬ್ಯಾರೇಜುಗಳು ಬರುವ ಮೊದಲು ಅಫಜಲಪುರ, ಜೇವರ್ಗಿ ಕಡೆಯ ಎಷ್ಟೋ ಊರುಗಳಿಗೆ ಹೊಳಿ ದಾಟಿಸುತ್ತಿದ್ದದ್ದು ಹರಗೋಲು. ಬಿದಿರಿನ ಬುಟ್ಟಿಗೆ ಚರ್ಮವನ್ನೋ ಆಮೇಲೆ ತಾಡಪತ್ರಿಯನ್ನೋ ಸುತ್ತಿ ಡಾಂಬರು ಬಳಿದ ಆ ದೋಣಿ ನಡೆಸುತ್ತಿದ್ದ ಅಂಬಿಗನೇ ನಮ್ಮ ಬಂದರು ಅಧಿಕಾರಿ, ಅವನೇ ಕ್ಯಾಪ್ಟನ್, ಅವನೇ ಜೀವರಕ್ಷಕ. ದಾಟಿಸಿದ್ದಕ್ಕೆ ರಾಶಿ ಕಾಲಕ್ಕೆ ಕಾಳು ಕೊಡುವ ರೂಢಿ ಇತ್ತು. ಚಿಕ್ಕಂದಿನಲ್ಲಿ ಅಜ್ಜನ ಜೊತೆ ಹೊಳಿ ದಾಟಲು ಹೋದಾಗ ಅಂಬಿಗ ನೀರಿಗೆ ಕೈ ಹಾಕಿ, ಮೂಸಿ ನೋಡಿ, ‘ಇವತ್ತ ಬ್ಯಾಡ್ರಿ ಯಜಮಾನ್ರ, ನೀರಿನ ಬಣ್ಣ ಬ್ಯಾರೆ ಅದ’ ಎಂದದ್ದು ನೆನಪಿದೆ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಅಜ್ಜ ಮರುಮಾತಾಡದೆ ಗಾಡಿ ತಿರುಗಿಸಿದರು. ಆ ಅಂಬಿಗನಿಗೆ ಆ ದಿನದ ಗಳಿಕೆ ಹೋಯಿತು ಎಂಬುದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ. ಸಂಬಳದ ಅಧಿಕಾರಿ ಬೋಟು ನಿಲ್ಲಿಸಿದರೆ ಅವರ ಸಂಬಳ ಕಡಿಮೆಯಾಗುವುದಿಲ್ಲ. ಅಂಬಿಗ ಬೇಡ ಎಂದರೆ ತನ್ನ ಮನೆಯ ಒಲೆಯ ಮೇಲೆ ಪರಿಣಾಮವಾಗುತ್ತದೆಂದು ಗೊತ್ತಿದ್ದೇ ಹೇಳುತ್ತಾನೆ. ಅದಕ್ಕೇ ಅವನ ಮಾತಿಗೆ ನಾನು ಇನ್ನೂ ಹೆಚ್ಚು ತೂಕ ಕೊಡುತ್ತೇನೆ.

ಅವನು ನೋಡಿದ ಬಣ್ಣಕ್ಕೆ ಕಾರಣ ಸರಳ. ಭೀಮೆ ಹುಟ್ಟುವುದು ಮಹಾರಾಷ್ಟ್ರದ ಭೀಮಾಶಂಕರದಲ್ಲಿ. ಅಲ್ಲಿ ಸುರಿದ ಮಳೆ, ಉಜನಿ ಜಲಾಶಯದಿಂದ ಬಿಟ್ಟ ನೀರು, ಸೀನಾ ಹೊಳೆಯ ಪ್ರವಾಹ ಎಲ್ಲ ದಾರಿ ಸವೆಸಿ ನಮ್ಮಲ್ಲಿಗೆ ಬರಲು ಸಮಯ ಬೇಕು. ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹೊಳಿ ಏರತೊಡಗುತ್ತದೆ. ಮೊದಲು ನೀರು ಕದಡುತ್ತದೆ, ಆಮೇಲೆ ನೊರೆ, ಕಸಕಡ್ಡಿ ತೇಲಿಬರುತ್ತವೆ, ಸೆಳವು ಬದಲಾಗುತ್ತದೆ. 2020ರ ಅಕ್ಟೋಬರಿನಲ್ಲಿ, ಮತ್ತೆ 2025ರ ಸೆಪ್ಟೆಂಬರಿನಲ್ಲಿ ಭೀಮೆ ಉಕ್ಕಿದ್ದನ್ನು ಈ ಜಿಲ್ಲೆಯ ಯಾರೂ ಮರೆತಿಲ್ಲ. ಅಂಥ ಹೊತ್ತಿನಲ್ಲಿ ರಬ್ಬರ್ ಬೋಟು, ಎಂಜಿನು, ತರಬೇತಾದ ಪಡೆ ಹೊರಗಿನಿಂದ ಬರುತ್ತವೆ. ಮುಳುಗಿದ ಬಾವಿ ಎಲ್ಲಿದೆ, ತಂತಿಬೇಲಿ ಎಲ್ಲಿದೆ, ಮರಳು ತೆಗೆದ ಗುಂಡಿ ಎಲ್ಲಿದೆ ಎಂದು ಹೇಳಬಲ್ಲವರು ಊರಿನ ಅಂಬಿಗರೇ. ಬೋಟಿನ ಮುಂದಿನ ತುದಿಯಲ್ಲಿ ಅವರನ್ನು ಕೂರಿಸಿಕೊಂಡು ಹೋಗುವ ಪಡೆಯವರು ಬುದ್ಧಿವಂತರು.

ಶಿಕ್ಷಕಿಯವರಿಗೆ, ಅವರಂತೆ ಮಕ್ಕಳನ್ನು ಕರೆದೊಯ್ಯುವ ಎಲ್ಲರಿಗೂ ಕೆಲವು ಮಾತು. ಜೆಟ್ಟಿಗೆ ಹೋದೊಡನೆ ಟಿಕೆಟ್ ಕೌಂಟರಿಗೆ ಓಡದೆ ಅಲ್ಲಿನ ಸಿಬ್ಬಂದಿಯನ್ನು ಮಾತಾಡಿಸಿ. ವಾಪಸು ಬರುವ ಕೊನೆಯ ಬೋಟು ಎಷ್ಟು ಹೊತ್ತಿಗೆ, ಮಧ್ಯಾಹ್ನದ ಗಾಳಿ ಹೇಗಿದೆ, ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯೇ ಎಂದು ಕೇಳಿ. ಜಾಕೆಟ್ಟನ್ನು ದಂಡೆಯ ಮೇಲೆಯೇ ಹಾಕಿಸಿ, ಬಕಲ್ ನೀವೇ ಎಳೆದು ನೋಡಿ. ಹೆಗಲ ಮೇಲೆ ಸುಮ್ಮನೆ ಇಳಿಬಿಟ್ಟ ಜಾಕೆಟ್ ನೀರಿಗೆ ಬಿದ್ದ ಮರುಕ್ಷಣ ತಲೆಯ ಮೇಲಿನಿಂದ ಕಳಚಿಹೋಗುತ್ತದೆ. ಬೇಡ ಎಂದರೆ ಕಾರಣ ಕೇಳಿ, ಅವರು ಸಂತೋಷದಿಂದ ಹೇಳುತ್ತಾರೆ. ಶಿಫಾರಸಿಗೆ ಮಾತ್ರ ಯಾರಿಗೂ ಫೋನ್ ಮಾಡಬೇಡಿ. ಒತ್ತಡಕ್ಕೆ ಬೋಟು ಬಿಡುವುದನ್ನು ಒಮ್ಮೆ ಕಲಿತ ಜೆಟ್ಟಿಯಲ್ಲಿ ನಾಳೆ ಹತ್ತುವ ಮಕ್ಕಳಿಗೂ ರಕ್ಷಣೆ ಇರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿರುತ್ತದೆ. ವಿಹಾರದ ಬೋಟುಗಳು ಮಳೆಗಾಲವಿಡೀ ನಿಲ್ಲುತ್ತವೆ, ಆಗ ಹೋಗಿ ಜಗಳವಾಡಿ ಫಲವಿಲ್ಲ. ಕಡಲಲ್ಲಿ ತುರ್ತು ಬಂದರೆ ಕರಾವಳಿ ಕಾವಲು ಪಡೆಯ 1554, ಕರಾವಳಿ ಭದ್ರತಾ ಪೊಲೀಸರ 1093, ಎಲ್ಲಿದ್ದರೂ 112.

ಕರಾವಳಿಗೆ ಇಷ್ಟಾದರೂ ವ್ಯವಸ್ಥೆ ಇದೆ. ನಮ್ಮ ಹೊಳಿ ದಂಡೆಗಳಲ್ಲಿ, ಜಲಾಶಯಗಳ ಅಂಚಿನಲ್ಲಿ ಹೆಚ್ಚಿನ ಕಡೆ ನನಗೆ ಕಂಡಿರುವುದು ‘ನೀರಿಗೆ ಇಳಿಯಬೇಡಿ’ ಎಂಬ ತುಕ್ಕು ಹಿಡಿದ ಫಲಕ ಮಾತ್ರ. ಫಲಕಕ್ಕೆ ಕಣ್ಣಿಲ್ಲ, ಹುಡುಗರು ಗುಂಡಿಯ ಕಡೆ ಹೋಗುತ್ತಿರುವುದು ಅದಕ್ಕೆ ಕಾಣುವುದಿಲ್ಲ. ಇದನ್ನು ಸರಿಪಡಿಸಲು ಹೊಸ ಹುದ್ದೆ, ದೊಡ್ಡ ಕಟ್ಟಡ ಬೇಕಿಲ್ಲ. 2021ರ ಒಳನಾಡು ನೌಕೆಗಳ ಕಾಯ್ದೆ ಎಂಜಿನ್ ಇಲ್ಲದ ದೋಣಿಗಳನ್ನೂ ಗುರುತಿಸಿ ನೋಂದಾಯಿಸುವ ಕೆಲಸವನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಲು ದಾರಿ ಮಾಡಿದೆ. ಅಂದರೆ ಹರಗೋಲಿನ ಲೆಕ್ಕ ನಮ್ಮ ಗ್ರಾಮ ಪಂಚಾಯಿತಿಯೇ ಇಡಬಹುದು. ನೀರು ಬಲ್ಲ ಕುಟುಂಬಗಳು ಕಬ್ಬಲಿಗ, ಕೋಲಿ, ಅಂಬಿಗ ಎಂಬ ಹೆಸರುಗಳಲ್ಲಿ ಪ್ರತಿ ದಂಡೆಯ ಊರಿನಲ್ಲೂ ಇವೆ. ಅವರಲ್ಲಿ ಒಬ್ಬಿಬ್ಬರಿಗೆ ಜಾಕೆಟ್, ಹಗ್ಗ, ಸೀಟಿ, ತಿಂಗಳ ಗೌರವಧನ ಕೊಟ್ಟು ಜಾತ್ರೆ–ಹುಣ್ಣಿಮೆ–ಮಳೆಗಾಲದಲ್ಲಿ ದಂಡೆಯ ಮೇಲೆ ನಿಲ್ಲಿಸಬಹುದು. ಬೇಡ ಎಂದಾಗ ಬೆನ್ನಿಗೆ ಪಂಚಾಯಿತಿ, ಪೊಲೀಸರು ನಿಲ್ಲುತ್ತಾರೆ ಎಂಬ ಭರವಸೆಯೂ ಅವರಿಗಿರಬೇಕು.

ಪ್ರತಿ ವರ್ಷ ಜನವರಿ 21ರಂದು ಸರ್ಕಾರವೇ ಅಂಬಿಗರ ಚೌಡಯ್ಯನವರ ಜಯಂತಿ ಆಚರಿಸುತ್ತದೆ. ಕಲಬುರಗಿಯಲ್ಲಿ ಅದು ದೊಡ್ಡ ಹಬ್ಬ, ಮೆರವಣಿಗೆ, ಡೊಳ್ಳು, ಭಾಷಣ ಎಲ್ಲ ಇರುತ್ತದೆ. ಹೆಚ್ಚಿನ ಶರಣರು ತಮ್ಮ ಇಷ್ಟದೈವದ ಹೆಸರನ್ನು ವಚನಗಳ ಅಂಕಿತವಾಗಿ ಇಟ್ಟುಕೊಂಡರೆ ಚೌಡಯ್ಯ ತನ್ನ ಹೆಸರನ್ನೇ ಇಟ್ಟುಕೊಂಡವನು, ಆಡಿದ ಮಾತಿಗೆ ತಾನೇ ಹೊಣೆಯಾದವನು. ಭೀಮೆ, ಕಾಗಿಣಾ, ಬೆಣ್ಣೆತೊರೆ ದಂಡೆಯ ಗ್ರಾಮ ಪಂಚಾಯಿತಿಗಳಿಗೆ ನನ್ನ ಕೋರಿಕೆ ಇಷ್ಟೇ: ಬರುವ ಜಯಂತಿಯ ದಿನ ಹಾರ ಹಾಕಿದ ಮೇಲೆ ಸಭೆ ಕರೆಯಿರಿ, ನಿಮ್ಮ ಊರಿನ ಹರಗೋಲುಗಳ ಮತ್ತು ಅವನ್ನು ನಡೆಸಬಲ್ಲವರ ಪಟ್ಟಿ ಮಾಡಿ, ದಂಡೆ ಕಾಯುವ ಒಬ್ಬರನ್ನಾದರೂ ನೇಮಿಸಲು ಠರಾವು ಮಾಡಿ ಜಿಲ್ಲಾಧಿಕಾರಿಗಳಿಗೆ ಕಳಿಸಿಕೊಡಿ.